ನೆಲನೆಲ್ಲಿ, ಇಲಿ, ಲಿವರ್: ಸಿಂಧುಗೆ ಒಂದು ಪತ್ರ

ಚಿ. ಸಿಂಧುಗೆ ದೊಡ್ಡಮ್ಮನ ಆಶೀರ್ವಾದಗಳು.

ನೆಲನೆಲ್ಲಿ ಲಿವರ್ ಕಾಯುತ್ತದಾ ಅಂತ ನೋಡುವ, ನೀನು ಕಳಿಸಿದ ಎಂ.ಫಾರ್ಮ್ ಪ್ರಾಜೆಕ್ಟ್‌ನ ಕರಡು ಓದಿದೆ. ನೆಲನೆಲ್ಲಿಯ ಆಲ್ಕೋಹಾಲ್ ಸಾರ, ಲ್ಯಾಬಿನ ವಿಸ್ಟಾರ್ ಇಲಿಗಳು, ಏಳು ದಿನ ಮೊದಲೇ ಸಾರ ಕುಡಿಸುವುದು, ಆಮೇಲೆ ಕಾರ್ಬನ್ ಟೆಟ್ರಾಕ್ಲೋರೈಡ್ ಕೊಟ್ಟು ಲಿವರ್ ಕೆಡಿಸುವುದು, ಹೋಲಿಕೆಗೆ ಸಿಲಿಮರಿನ್ ಎಂಬ ಲಿವರ್ ಮದ್ದು. ಎಲ್ಲ ಕ್ರಮಬದ್ಧವಾಗಿದೆ. ಲಿವರ್ ಕೆಟ್ಟರೆ ರಕ್ತದಲ್ಲಿ ಏರುವ ಎಸ್‌ಜಿಪಿಟಿ ಇಳಿಯುತ್ತದೆ, ಎಸ್‌ಜಿಓಟಿ ಇಳಿಯುತ್ತದೆ, ಥೀಸಿಸ್ ಬೈಂಡಿಂಗ್‌ಗೆ ಹೋಗುತ್ತದೆ. ನನ್ನ ತಕರಾರು ಇರುವುದೇ ಅಲ್ಲಿ. ಈ ಪ್ರಯೋಗಕ್ಕೆ ಸೋಲುವ ದಾರಿಯೇ ಇಲ್ಲವಲ್ಲೇ! ನಲವತ್ತು ವರ್ಷದಿಂದ ಇದೇ ಅಚ್ಚಿನಲ್ಲಿ ಎಷ್ಟೋ ಗಿಡಗಳು ಪಾಸಾಗಿವೆ. ಲಿವರ್ ಕಾಯಿಲೆಯವರಿಗೆ ಅವುಗಳಿಂದ ಸಿಕ್ಕಿದ್ದು ತೀರಾ ಕಡಿಮೆ.

ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡ.

ಕಾರ್ಬನ್ ಟೆಟ್ರಾಕ್ಲೋರೈಡ್ ತಾನಾಗಿ ಅಷ್ಟೇನೂ ಕೆಟ್ಟದ್ದಲ್ಲ. ಲಿವರ್‌ನಲ್ಲಿ ಸಿವೈಪಿ2ಇ1 ಅನ್ನುವ ಕಿಣ್ವ ಇದೆಯಲ್ಲ, ಅದು ಇದನ್ನು ಮುರಿದು ಟ್ರೈಕ್ಲೋರೋಮೀಥೈಲ್ ರ‍್ಯಾಡಿಕಲ್ ಮಾಡುತ್ತದೆ. ಆ ರ‍್ಯಾಡಿಕಲ್ ಜೀವಕೋಶದ ಪೊರೆಯ ಕೊಬ್ಬಿಗೆ ಕೈ ಹಾಕುತ್ತದೆ. ಈ ಕಿಣ್ವ ಜಾಸ್ತಿ ಇರುವುದು ಸೆಂಟ್ರಲ್ ವೇನ್ ಅನ್ನುವ ರಕ್ತನಾಳದ ಸುತ್ತ. ಸ್ಲೈಡ್‌ನಲ್ಲಿ ಸತ್ತ ಕೋಶಗಳು ಮೊದಲು ಅಲ್ಲೇ ಕಾಣುವುದು ಅದಕ್ಕೇ. ಈಗ ನಿನ್ನ ಸಾರದಲ್ಲಿ ಆ ಕಿಣ್ವವನ್ನು ತಡೆಯುವ ಯಾವುದೋ ಒಂದು ಅಂಶ ಇದೆ ಅಂದುಕೋ. ವಿಷ ಹುಟ್ಟುವುದೇ ಇಲ್ಲ, ಎಸ್‌ಜಿಪಿಟಿ ಏರುವುದೇ ಇಲ್ಲ. ಕಳ್ಳ ಬರುವ ಮೊದಲೇ ದಾರಿ ಮುಚ್ಚಿ, ಮನೆಯ ಬೀಗ ಗಟ್ಟಿ ಇತ್ತು ಅಂದ ಹಾಗಾಯಿತು. ಇಲಿಗೆ ಅದರಿಂದ ಲಾಭವೇ. ಆದರೆ ಲಿವರ್ ಆಗಲೇ ಊದಿಕೊಂಡು ವಾರ್ಡಿಗೆ ಬಂದವರಿಗೆ ಏನು ಪ್ರಯೋಜನ?

ಪ್ಯಾರಾಸಿಟಮಾಲ್ ಕೊಟ್ಟು ನೋಡುವ ಪದ್ಧತಿಯಲ್ಲೂ ಇದೇ ತೊಡಕು. ಅಲ್ಲೂ ಕಿಣ್ವವೇ ಮಾತ್ರೆಯನ್ನು ನಾಪ್‌ಕ್ವಿ ಎಂಬ ವಿಷ ಮಾಡುವುದು. ಆ ವಿಷವನ್ನು ಹಿಡಿದು ಹಾಕುವ ಗ್ಲುಟಾಥಯೋನ್ ಇರುವವರೆಗೆ ಲಿವರ್ ತಡೆದುಕೊಳ್ಳುತ್ತದೆ, ಅದು ಖಾಲಿಯಾದರೆ ಕೋಶ ಸಾಯುತ್ತದೆ. ಇನ್ನೊಂದು ತಮಾಷೆ ಕೇಳು. ಸಾರ ಕರಗಲಿ ಅಂತ ಕೆಲವರು ದ್ರಾವಕವಾಗಿ ಡಿಎಂಎಸ್‌ಓ ಹಾಕುತ್ತಾರೆ. ಆ ಡಿಎಂಎಸ್‌ಓ ತಾನೇ ಈ ಕಿಣ್ವವನ್ನು ತಡೆಯುತ್ತದೆ! ಬರೀ ದ್ರಾವಕ ಕೊಟ್ಟ ಗುಂಪು ಇಡದಿದ್ದರೆ ದ್ರಾವಕದ ಪುಣ್ಯವೆಲ್ಲ ಗಿಡದ ಖಾತೆಗೆ ಜಮಾ.

ಹಾಗಾಗಿ ನನ್ನ ಮಾತು ಇಷ್ಟು. ವಿಷ ಕೊಟ್ಟ ಮೇಲೆ ಸಾರ ಕೊಡುವ ಒಂದು ಗುಂಪು ಸೇರಿಸು. ಪ್ಯಾರಾಸಿಟಮಾಲ್ ಆದರೆ ಇಲಿ ಬಿಟ್ಟು ಸುಂಡಿಲಿ (ಮೌಸ್) ತಗೋ. ವಿಸ್ಟಾರ್ ಇಲಿಗಳು ಆ ಮಾತ್ರೆಗೆ ಸುಲಭವಾಗಿ ಜಗ್ಗುವುದಿಲ್ಲ, ಸುಂಡಿಲಿಯ ಲಿವರ್ ಕೆಡುವ ರೀತಿ ಮನುಷ್ಯರದಕ್ಕೆ ಹತ್ತಿರ. ಹೋಲಿಕೆಗೆ ಎನ್-ಅಸಿಟೈಲ್‌ಸಿಸ್ಟೀನ್ ಇಡು, ಕ್ಯಾಶುವಾಲ್ಟಿಯಲ್ಲಿ ನಿಜವಾಗಿ ಕೊಡುವ ಮದ್ದು ಅದೇ ಅಲ್ವಾ? ಮಾತ್ರೆ ನುಂಗಿದ ಎಂಟು ಗಂಟೆಯೊಳಗೆ ಕೊಟ್ಟರೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ನಿನ್ನ ನೆಲನೆಲ್ಲಿ ಅದರ ಪಕ್ಕ ನಿಂತು ಏನಾಗುತ್ತದೋ ನೋಡೋಣ. ಸೋತರೆ ಸೋತಿತು ಅಂತಲೇ ಬರಿ. ಗೈಡ್ ಮುಖ ಸಪ್ಪಗೆ ಮಾಡಿದರೆ ನನ್ನ ಹೆಸರು ಹೇಳು.

ಇನ್ನು ಸಿಲಿಮರಿನ್. ಎಲ್ಲರೂ ಅದನ್ನು ಮಾಪಕವಾಗಿ ಇಡುತ್ತಾರೆ, ಅದರ ಚರಿತ್ರೆ ಓದುವವರು ಕಡಿಮೆ. ಯುರೋಪಿನ ಒಂದು ಮುಳ್ಳುಗಿಡದ ಬೀಜದಿಂದ ಬಂದದ್ದು. ಅಲ್ಲಿ ಡೆತ್ ಕ್ಯಾಪ್ ಅನ್ನುವ ವಿಷದ ಅಣಬೆ ತಿಂದವರಿಗೆ ಅದರ ಸಿಲಿಬಿನಿನ್ ಅಂಶವನ್ನು ರಕ್ತನಾಳಕ್ಕೇ ಕೊಡುತ್ತಾರೆ. ಅಣಬೆಯ ವಿಷ ಲಿವರ್ ಕೋಶದೊಳಗೆ ನುಗ್ಗುವ ಬಾಗಿಲನ್ನು ಅದು ತಡೆಯುತ್ತದೆ. ಅಷ್ಟು ಸ್ಪಷ್ಟವಾದ ಕೆಲಸ ಇದ್ದೂ, ಆಗಿನ ಮದ್ದು ಇಂಟರ್‌ಫೆರಾನ್‌ಗೆ ಬಗ್ಗದ ಹೆಪಟೈಟಿಸ್ ಸಿ ರೋಗಿಗಳ ಮೇಲೆ ಅಮೆರಿಕದಲ್ಲಿ ಸಿಲಿಮರಿನ್ ಪರೀಕ್ಷಿಸಿದಾಗ ಕತೆ ಬೇರೆ ಆಯಿತು. 2012ರಲ್ಲಿ ಫಲಿತಾಂಶ ಬಂತು. 154 ಜನ, 24 ವಾರ, ದಿನಕ್ಕೆ ಮೂರು ಸಲ 420 ಅಥವಾ 700 ಮಿಲಿಗ್ರಾಂ. ಹುಸಿ ಮಾತ್ರೆ ತಗೊಂಡವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಮಾಪಕದ ಪಾಡೇ ಹೀಗೆ.

ನಿನ್ನ ಗಿಡದ್ದೂ ಅಂಥದ್ದೇ ಕತೆ. 1988ರಲ್ಲಿ ಮದ್ರಾಸಿನ ತ್ಯಾಗರಾಜನ್ ತಂಡ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬರೆಯಿತು. ಹೆಪಟೈಟಿಸ್ ಬಿ ವೈರಸ್ ಕಂಡುಹಿಡಿದು ನೊಬೆಲ್ ಪಡೆದ ಬ್ಲಂಬರ್ಗ್ ಕೂಡ ಅದರಲ್ಲಿದ್ದರು. ಒಂದು ತಿಂಗಳು ನೆಲನೆಲ್ಲಿ ಕೊಟ್ಟ ಆ ವೈರಸ್ ಹೊತ್ತ 37 ವಾಹಕರಲ್ಲಿ 22 ಜನರ ರಕ್ತದಿಂದ ವೈರಸ್‌ನ ಗುರುತು ಮಾಯ, ಹುಸಿ ಮದ್ದು ಪಡೆದ 23 ಜನರಲ್ಲಿ ಒಬ್ಬರದು ಮಾತ್ರ. ದೊಡ್ಡ ಸುದ್ದಿ ಅದು. ಆದರೆ 1990ರಲ್ಲಿ ಥಾಯ್ಲೆಂಡ್‌ನವರು ಅದೇ ಗಿಡ ಕೊಟ್ಟು ನೋಡಿದರೆ ಏನೂ ಆಗಲಿಲ್ಲ. ಎರಡೂ ಲೇಖನ ಪಕ್ಕಪಕ್ಕ ಇಟ್ಟು ಓದು. ನಿನ್ನ ಪೀಠಿಕೆಯಲ್ಲಿ ಮೊದಲನೆಯದಷ್ಟೇ ಇದೆ, ಅದು ನನಗೆ ಹಿಡಿಸಲಿಲ್ಲ.

‘ಕಾಮಾಲೆಗೆ ಪರಂಪರೆಯಿಂದ ಬಳಸುತ್ತಾರೆ’ ಅಂತಲೂ ಬರೆದಿದ್ದೀಯ. ಹೌದು, ನೆಲನೆಲ್ಲಿ ಅರೆದು ಮಜ್ಜಿಗೆಯಲ್ಲಿ ಕಲಸಿ ಬರಿಹೊಟ್ಟೆಗೆ ಕೊಡುವುದು, ಎಣ್ಣೆ ಖಾರ ಬಿಟ್ಟು ಪಥ್ಯ ಹಿಡಿಸುವುದು ನಮ್ಮ ಮನೆಯಲ್ಲೂ ಇತ್ತು. ಆದರೆ ಹೆಪಟೈಟಿಸ್ ಎ, ಇ ಎರಡೂ ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾವೇ ವಾಸಿಯಾಗುತ್ತವೆ. ಮಜ್ಜಿಗೆ ಕುಡಿದವರಿಗೂ ವಾಸಿ, ಕುಡಿಯದವರಿಗೂ ವಾಸಿ. ಬಸುರಿಗೆ ಹೆಪಟೈಟಿಸ್ ಇ ಬಂದರೆ ಮಾತ್ರ ಜೀವಕ್ಕೇ ಕುತ್ತು, ಅಲ್ಲಿ ಪಥ್ಯ ಅಂತ ಕಾಯುತ್ತಾ ಕೂರುವ ಹಾಗೇ ಇಲ್ಲ.

ಗಿಡ ಎಲ್ಲಿಂದ ತರುತ್ತೀ ಅನ್ನುವುದನ್ನು ನೀನು ಬರೆದೇ ಇಲ್ಲ. ಗ್ರಂಧಿಗೆ ಅಂಗಡಿಯಿಂದ ಒಣಗಿದ್ದು ತರುವ ಯೋಚನೆ ಇದ್ದರೆ ಈಗಲೇ ಬಿಟ್ಟುಬಿಡು. ಬೆಂಗಳೂರಿನ ವಿಜ್ಞಾನಿಗಳು ದಕ್ಷಿಣ ಭಾರತದ ಅಂಗಡಿಗಳಿಂದ ನೆಲನೆಲ್ಲಿ ತಂದು, ಡಿಎನ್‌ಎ ಮಟ್ಟದಲ್ಲೂ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಸುಮಾರು ಮುಕ್ಕಾಲು ಪಾಲು ಅಂಗಡಿಗಳಲ್ಲಿ ಇದ್ದದ್ದು ಸರಿಯಾದ ನೆಲನೆಲ್ಲಿ, ಅಂದರೆ ಫಿಲಾಂಥಸ್ ಅಮಾರಸ್. ಉಳಿದ ಕಡೆ ಅದರ ದಾಯಾದಿಗಳು. ಹಸಿ ಗಿಡದಲ್ಲೇ ಗುರುತಿಸುವುದು ಕಷ್ಟ. ಎಲ್ಲದರಲ್ಲೂ ಸಣ್ಣ ಎಲೆ, ಕಡ್ಡಿಯ ಕೆಳಗೆ ಸಾಲಾಗಿ ಪುಟ್ಟ ಕಾಯಿ. ದಾಯಾದಿಗಳಲ್ಲಿ ಒಂದಾದ ಯೂರಿನೇರಿಯಾ ಆದರೆ ಕಾಯಿ ಮುಟ್ಟಿದರೆ ಒರಟು, ಬಣ್ಣ ಸ್ವಲ್ಪ ಕೆಂಪು. ಒಣಗಿ ಪುಡಿಯಾದ ಮೇಲೆ ಎಲ್ಲವೂ ಒಂದೇ. ಮಳೆಗಾಲ ಮುಗಿಯುವ ಮುಂಚೆ ಕಾಯಿ ಸಮೇತ ನೀನೇ ಕಿತ್ತು ತಾ. ಸಸ್ಯಶಾಸ್ತ್ರದವರಿಗೆ ತೋರಿಸಿ, ಒಂದು ಮಾದರಿ ಹರ್ಬೇರಿಯಂ ಅನ್ನುವ ಒಣಗಿಡಗಳ ಸಂಗ್ರಹದಲ್ಲಿಟ್ಟು ನಂಬರ್ ತಗೋ. (ನಿಮ್ಮ ಲ್ಯಾಬಿನಲ್ಲಿ ಸಾರ ತೆಗೆಯುವ ಸಾಕ್ಸ್‌ಲೆಟ್ ನಡೆಯುವಾಗ ಅದನ್ನು ತಣಿಸುವ ನಲ್ಲಿ ನೀರು ನಿಂತುಹೋಗುವುದು ಈಗಲೂ ಇದೆಯಾ? ಇದ್ದರೆ ರಾತ್ರಿ ಹಚ್ಚಿಟ್ಟು ಮನೆಗೆ ಹೋಗಬೇಡ.)

ಡೋಸ್ ಲೆಕ್ಕವನ್ನೂ ಒಮ್ಮೆ ಹಾಕಿ ನೋಡು. ಕಿಲೋಗೆ 400 ಮಿಲಿಗ್ರಾಂ ಅಂತ ಸಲೀಸಾಗಿ ಬರೆದಿದ್ದೀಯ. ಇಲಿಯಿಂದ ಮನುಷ್ಯರಿಗೆ ಬರಬೇಕಾದರೆ ಗಾತ್ರದ ವ್ಯತ್ಯಾಸ ಸರಿದೂಗಿಸಲು 6.2ರಿಂದ ಭಾಗಿಸಬೇಕು. 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 3.9 ಗ್ರಾಂ ಸಾರ ಬೇಕಾಗುತ್ತದೆ. ನೂರು ಗ್ರಾಂ ಒಣ ಗಿಡಕ್ಕೆ ಹತ್ತು ಗ್ರಾಂ ಸಾರ ಸಿಕ್ಕರೆ, ದಿನಾ 39 ಗ್ರಾಂ ಒಣ ಗಿಡ. ಇದನ್ನು ಯಾರು ಕುಡಿಯುತ್ತಾರೆ? ಚರ್ಚೆಯ ಅಧ್ಯಾಯದಲ್ಲಿ ಈ ಲೆಕ್ಕ ಇರಲಿ.

ಸ್ಲೈಡ್‌ಗಳ ವಿಷಯ ಚಿಕ್ಕದು. ಲೇಬಲ್ ಮುಚ್ಚಿ, ಬರೀ ನಂಬರ್ ಹಾಕಿ ಪೆಥಾಲಜಿಯವರಿಗೆ ಕೊಡು. ಯಾವುದು ಯಾವ ಗುಂಪಿನದು ಅಂತ ಗೊತ್ತಿದ್ದರೆ ಕಣ್ಣು ತಾನಾಗಿ ಒಳ್ಳೆಯ ಜಾಗ ಹುಡುಕುತ್ತದೆ.

ಕೊನೆಗೆ ಮನೆಯ ಮಾತು. ನಿಮ್ಮಪ್ಪ ಕೊರೊನಾ ಕಾಲದಲ್ಲಿ ಶುರು ಮಾಡಿದ ಅಮೃತಬಳ್ಳಿ ಕಷಾಯ ಇನ್ನೂ ಬಿಟ್ಟಿಲ್ಲವಂತೆ. ‘ಲಿವರ್‌ಗೆ ಒಳ್ಳೇದು’ ಅಂತ ನನಗೇ ಪಾಠ ಹೇಳಿದ. ಆ ಕಾಲದಲ್ಲಿ ಅದನ್ನು ಕುಡಿದು ಲಿವರ್ ಊದಿಸಿಕೊಂಡ 43 ಜನರ ವಿವರ ನಮ್ಮ ದೇಶದ 13 ಆಸ್ಪತ್ರೆಗಳಿಂದ 2022ರಲ್ಲಿ ಪ್ರಕಟವಾಗಿದೆ. ಹಲವರಲ್ಲಿ ಕಂಡದ್ದು ದೇಹದ ರೋಗನಿರೋಧಕ ಶಕ್ತಿಯೇ ಲಿವರ್ ಮೇಲೆ ತಿರುಗಿ ಬೀಳುವ ಲಕ್ಷಣ. ಬಳ್ಳಿ ಅದೇನಾ ಬೇರೆಯದಾ ಅಂತ ಆಯುಷ್ ಸಚಿವಾಲಯ ಪ್ರಶ್ನೆ ಎತ್ತಿತ್ತು, ಆ ಪ್ರಶ್ನೆಯೂ ನ್ಯಾಯವೇ. ಕುಡಿಯುವವರೆಲ್ಲರಿಗೂ ಹೀಗಾಗುತ್ತದೆ ಅಂತಲ್ಲ. ಆದರೆ ನಿಮ್ಮಪ್ಪನಿಗೆ ಥೈರಾಯ್ಡ್ ತೊಂದರೆ ಇದೆ, ಅದೂ ಇಂಥದ್ದೇ ಜಾತಿಯದು. ಅವನಿಗೆ ಹೇಳಿ ಕಷಾಯ ನಿಲ್ಲಿಸು, ಈ ವಾರವೇ ಒಂದು ಎಲ್‌ಎಫ್‌ಟಿ, ಅಂದರೆ ಲಿವರ್‌ನ ರಕ್ತಪರೀಕ್ಷೆ, ಮಾಡಿಸು. ನಾನು ಹೇಳಿದರೆ ಅಕ್ಕನ ಕಿರಿಕಿರಿ ಅಂತಾನೆ, ನೀನು ಹೇಳಿದರೆ ಕೇಳುತ್ತಾನೆ.

ತಿದ್ದಿದ ಕರಡನ್ನು ಎಥಿಕ್ಸ್ ಕಮಿಟಿಗೆ ಕೊಡುವ ಮುಂಚೆ ನನಗೊಮ್ಮೆ ಕಳಿಸು. ಪ್ರತಿ ಗುಂಪಿಗೆ ಆರು ಇಲಿ ಅಂತ ಯಾಕೆ ಬರೆದೆ, ಅದಕ್ಕೂ ಕಾರಣ ಬರೆದು ಕಳಿಸು. ಎಲ್ಲರೂ ಆರು ಇಡುತ್ತಾರೆ ಅಂದರೆ ನಾನು ಒಪ್ಪಲ್ಲ.

ನಿನ್ನ ಪ್ರೀತಿಯ
ದೊಡ್ಡಮ್ಮ