ಉತ್ತರ ಅಂದರೆ ಮೇಲೆ ಅಲ್ಲ

ಪ್ರೀತಿಯ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದ ತಲುಪಿತು. ಹಿರಿಯೂರಿನ ಹತ್ತಿರವೇ ಶಾಲೆ ಸಿಕ್ಕಿದ್ದು ನಮಗೆಲ್ಲ ಖುಷಿ. ಏಳನೇ ತರಗತಿಯ ಹುಡುಗನೊಬ್ಬ "ಮಿಸ್, ವೇದಾವತಿ ಮೇಲಕ್ಕೆ ಹೇಗೆ ಹರಿಯುತ್ತೆ?" ಅಂತ ಕೇಳಿದ, ತರಗತಿಯೆಲ್ಲ ನಕ್ಕಿತು ಅಂತ ಬರೆದಿದ್ದೀಯ. ಆ ಹುಡುಗನನ್ನು ಬಿಡಬೇಡ ಕಣಮ್ಮ. ಅಷ್ಟು ಮಕ್ಕಳಲ್ಲಿ ನಕ್ಷೆಯನ್ನು ಕಣ್ಣಿಟ್ಟು ನೋಡಿದವನು ಅವನೊಬ್ಬನೇ.

ಅವನು ಹೇಳಿದ್ದರಲ್ಲಿ ತಪ್ಪೇನಿದೆ? ಬಾಬಾಬುಡನ್‌ಗಿರಿಯ ನೀರು ಕಡೂರಿನ ಕಡೆಯಿಂದ ಬಂದು, ಮಾರಿಕಣಿವೆಯ ವಾಣಿವಿಲಾಸ ಸಾಗರ ಅಣೆಕಟ್ಟಿನಲ್ಲಿ ನಿಂತು, ಹಿರಿಯೂರು ದಾಟಿದ ಮೇಲೆ ಉತ್ತರಕ್ಕೆ ತಿರುಗುತ್ತದೆ. ಬಳ್ಳಾರಿ ಸೀಮೆಯಲ್ಲಿ ಹಗರಿ ಅಂತ ಕರೆಸಿಕೊಂಡು ತುಂಗಭದ್ರೆಗೆ ಸೇರುತ್ತದೆ. ಗೋಡೆಯ ಮೇಲಿನ ನಕ್ಷೆಯಲ್ಲಿ ಅದು ಸೂರಿನ ಕಡೆಗೇ ಹೋಗುವುದು. ನಾವೇ ತಾನೇ ನಕ್ಷೆಯನ್ನು ಮೊಳೆಗೆ ನೇತುಹಾಕಿ, "ಮೇಲೆ ಉತ್ತರ, ಕೆಳಗೆ ದಕ್ಷಿಣ" ಅಂತ ಬಾಯಿಪಾಠ ಮಾಡಿಸಿದವರು?

ಹಾಗಾಗಿ ಮೊದಲ ಕೆಲಸ, ನಕ್ಷೆಯನ್ನು ಗೋಡೆಯಿಂದ ಇಳಿಸು. ಅಂಗಳದಲ್ಲಿ ನೆಲಕ್ಕೆ ಹಾಸು. ನಕ್ಷೆಯ ಉತ್ತರ ನೆಲದ ಉತ್ತರಕ್ಕೆ ಬರುವ ಹಾಗೆ ತಿರುಗಿಸು. ಆ ಹುಡುಗನನ್ನು ಹಿರಿಯೂರಿನ ಚುಕ್ಕೆಯ ಪಕ್ಕ ಕೂರಿಸಿ ನದಿಯ ಗುಂಟ ಬೆರಳು ಎಳೆಯಲು ಹೇಳು. ಹಿರಿಯೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಬಳ್ಳಾರಿ 500ಕ್ಕಿಂತ ಕೆಳಗೆ. ಇಷ್ಟು ಹೇಳಿ ಸುಮ್ನಿರು. ಉಳಿದದ್ದನ್ನು ಅವನೇ ಹೇಳುತ್ತಾನೆ.

ಉತ್ತರ ಯಾವ ಕಡೆ ಅಂತ ಗೊತ್ತು ಮಾಡೋದಕ್ಕೆ ಫೋನ್ ತೆಗೆಯಬೇಡ. ಧ್ವಜಸ್ತಂಭ ಇದೆಯಲ್ಲ. ಅದರ ನೆರಳಿನ ತುದಿಗೆ ಐದೈದು ನಿಮಿಷಕ್ಕೊಂದು ಕಲ್ಲು ಇಡಿಸು. ಎಲ್ಲಕ್ಕಿಂತ ಗಿಡ್ಡ ನೆರಳು ಬಿದ್ದ ಗೆರೆಯೇ ಉತ್ತರ-ದಕ್ಷಿಣ. ಆದರೆ ಸರಿಯಾಗಿ 12 ಗಂಟೆಗೆ ನೋಡಿದರೆ ಸಿಗೋದಿಲ್ಲ. ನಮ್ಮ ಗಡಿಯಾರ ನಡೆಯೋದು ಉತ್ತರ ಪ್ರದೇಶದ ಮಿರ್ಜಾಪುರದ ಹತ್ತಿರ ಹಾದುಹೋಗುವ 82.5 ಡಿಗ್ರಿ ರೇಖಾಂಶದ ಲೆಕ್ಕದಲ್ಲಿ. ಹಿರಿಯೂರು ಇರೋದು 76.6ರಲ್ಲಿ. ಡಿಗ್ರಿಗೆ ನಾಲ್ಕು ನಿಮಿಷದಂತೆ ನಿಮ್ಮೂರಿನ ನಡುಮಧ್ಯಾಹ್ನ ಸುಮಾರು 24 ನಿಮಿಷ ತಡ. ವರ್ಷದ ದಿನಕ್ಕೆ ತಕ್ಕಂತೆ ಇದೂ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ: ನವೆಂಬರ್ ಮೊದಲ ವಾರದಲ್ಲಿ 12.07ರ ಆಸುಪಾಸು, ಫೆಬ್ರವರಿಯಲ್ಲಿ 12.38ರ ಆಸುಪಾಸು. ರೇಖಾಂಶದ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾವ ಪುಸ್ತಕವೂ ಮಾಡೋದಿಲ್ಲ.

ಇನ್ನೊಂದು ಹುಷಾರು. ಮೇ, ಜೂನ್, ಜುಲೈನಲ್ಲಿ ನಿಮ್ಮಲ್ಲಿ ನಡುಮಧ್ಯಾಹ್ನದ ನೆರಳು ದಕ್ಷಿಣಕ್ಕೆ ಬೀಳುತ್ತದೆ. ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋಗಿರುತ್ತಾನೆ. ವಾಪಸ್ ಬರುವಾಗ ಹಿರಿಯೂರಿನ ನೆತ್ತಿಗೆ ಯಾವತ್ತು ಬರುತ್ತಾನೆ ಗೊತ್ತಾ? ಹೆಚ್ಚುಕಮ್ಮಿ ಆಗಸ್ಟ್ 15ಕ್ಕೆ! ಬೆಳಿಗ್ಗೆ ಧ್ವಜ ಹಾರಿಸಿ, ಸಿಹಿ ಹಂಚಿ ಮಕ್ಕಳನ್ನು ಮನೆಗೆ ಅಟ್ಟುತ್ತೀರಲ್ಲ, ಈ ಸಲ ಇಷ್ಟ ಇದ್ದವರನ್ನು ಹನ್ನೆರಡೂವರೆವರೆಗೆ ನಿಲ್ಲಿಸಿಕೋ. ಮೋಡ ಇಲ್ಲದಿದ್ದರೆ 12.28ರ ಹೊತ್ತಿಗೆ ಕಂಬಕ್ಕೆ ನೆರಳೇ ಇರೋದಿಲ್ಲ. ಮೋಡ ಕವಿದರೆ ಏಪ್ರಿಲ್ ಕೊನೆಯಲ್ಲಿ ಇನ್ನೊಂದು ದಿನ ಸಿಗುತ್ತದೆ, ಆದರೆ ಆಗ ಬೇಸಿಗೆ ರಜೆ.

ನಕ್ಷೆ ಓದುವ ಮೊದಲು ಮಕ್ಕಳು ಒಂದು ನಕ್ಷೆ ಬರೆಯಲಿ. ಇದಕ್ಕೆ ಹೊಸದೇನೂ ಬೇಡ, ಚಕ್ಕುಬಂದಿ ಸಾಕು. ಹಳ್ಳಿ ಮಕ್ಕಳು ಜಮೀನಿನ ಜಗಳದಲ್ಲಿ ಆ ಮಾತನ್ನು ನೂರು ಸಲ ಕೇಳಿರುತ್ತಾರೆ. ಪ್ರತಿಯೊಬ್ಬರೂ ತಮ್ಮ ಮನೆಯ ಚಕ್ಕುಬಂದಿ ಬರೆದು ತರಲಿ: ಪೂರ್ವಕ್ಕೆ ಯಾರ ಮನೆ, ಪಶ್ಚಿಮಕ್ಕೆ ಯಾವ ದಾರಿ, ಉತ್ತರಕ್ಕೇನು, ದಕ್ಷಿಣಕ್ಕೇನು. ಅಕ್ಕಪಕ್ಕದ ಮನೆಯ ಇಬ್ಬರ ಬರಹ ತಾಳೆಯಾಗದಿದ್ದರೆ ನಿನ್ನ ಪಾಠ ಅಲ್ಲೇ ಶುರು. ಅವರೇ ಬೀದಿಗೆ ಹೋಗಿ ಜಗಳ ತೀರಿಸಿಕೊಂಡು ಬರಲಿ. ಆಮೇಲೆ ಮನೆಯಿಂದ ಶಾಲೆಗೆ ಹೆಜ್ಜೆ ಎಣಿಸಿ, ಚೌಕದ ಹಾಳೆಯಲ್ಲಿ ಒಂದು ಚೌಕಕ್ಕೆ ಹತ್ತು ಹೆಜ್ಜೆಯಂತೆ ಬಿಡಿಸಲಿ. ಸ್ಕೇಲ್ ಅಂದರೆ ಏನು ಅಂತ ನೀನು ಹೇಳುವ ಅಗತ್ಯವೇ ಬೀಳೋದಿಲ್ಲ.

ನಕ್ಷೆಯಲ್ಲಿ ಒಂದೇ ಎತ್ತರದ ಜಾಗಗಳನ್ನು ಕೂಡಿಸುವ ಸಮೋನ್ನತ ರೇಖೆ ಅಂದರೆ ಮಕ್ಕಳು ಹೆದರುತ್ತಾರೆ, ನಿಜ ಹೇಳಬೇಕೆಂದರೆ ಮೇಷ್ಟ್ರುಗಳೂ ಹೆದರುತ್ತಾರೆ. ನಿನಗೆ ವಾಣಿವಿಲಾಸ ಸಾಗರವೇ ಹತ್ತಿರ ಇದೆ. 1933ರ ನಂತರ 2022ರಲ್ಲಿ ಡ್ಯಾಂ ಕೋಡಿ ಬಿತ್ತಲ್ಲ, ಆಗ ನೀರು 130 ಅಡಿ ಮುಟ್ಟಿತ್ತು. ಹಿನ್ನೀರಿನ ಅಂಚು ಗುಡ್ಡಗಳ ನಡುವೆ ಎಲ್ಲೆಲ್ಲಿ ಬಳಸಿ ಹೋದರೂ ಅದು ಒಂದೇ ಎತ್ತರದ ಗೆರೆ. ನೀರು ಇಳಿದಾಗ ದಡದಲ್ಲಿ ಸಾಲಾಗಿ ಉಳಿಯುವ ಕೆಸರಿನ ಪಟ್ಟೆಗಳನ್ನು ತೋರಿಸು. ದಡ ಕಡಿದಾಗಿರುವ ಕಡೆ ಪಟ್ಟೆಗಳು ಒತ್ತೊತ್ತಾಗಿ, ಇಳಿಜಾರು ಕಡಿಮೆ ಇರುವ ಕಡೆ ದೂರದೂರ. ಅಲ್ಲಿಗೆ ಕರೆದುಕೊಂಡು ಹೋಗಲು ಆಗದಿದ್ದರೆ ಹಳೇ ಬಾಣಲೆಯಲ್ಲಿ ಜೇಡಿಮಣ್ಣಿನ ಗುಡ್ಡ ಮಾಡಿ, ಬೆರಳಗಲ ಬೆರಳಗಲ ನೀರು ಹಾಕುತ್ತಾ ಪ್ರತಿ ಸಲ ನೀರಿನ ಅಂಚಿಗೆ ಕಡ್ಡಿಯಿಂದ ಗೀರು ಎಳೆಸು.

ಸ್ಮಾರ್ಟ್ ಟಿವಿ ಬಂದಿದೆ ಅಂದೆ. ಒಳ್ಳೇದು. ಇಸ್ರೋದ ಭುವನ್ ಜಾಲತಾಣದಲ್ಲಿ ಉಪಗ್ರಹ ಚಿತ್ರ ತೋರಿಸು, ಮಕ್ಕಳು ತಾವೇ ಬಿಡಿಸಿದ ಬೀದಿಯನ್ನು ಅದರಲ್ಲಿ ಹುಡುಕಲಿ. ಕೈನಕ್ಷೆ ಆದ ಮೇಲೆ ಮಾತ್ರ ತೋರಿಸು. ಮೊದಲೇ ತೋರಿಸಿದರೆ ಅದೂ ಒಂದು ಸಿನಿಮಾ ಆಗುತ್ತದೆ.

ಗ್ಲೋಬ್ ಮಾತ್ರ ಬೀರುವಿನಿಂದ ಹೊರಗೆ ಬರಲೇಬೇಕು. ಅನೇಕ ಗೋಡೆ ನಕ್ಷೆಗಳಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟೇ ದೊಡ್ಡದಾಗಿ ಕಾಣುತ್ತದೆ, ನಿಜಕ್ಕೆ ಆಫ್ರಿಕಾ ಅದರ 14 ಪಟ್ಟು. ಗ್ಲೋಬಿನ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ದಾರ ಬಿಗಿಯಾಗಿ ಹಿಡಿಸಿ ನೋಡು, ಉತ್ತರ ಧ್ರುವದ ಹತ್ತಿರಕ್ಕೆ ಹೋಗುತ್ತದೆ. ಜನವರಿ 2021ರಲ್ಲಿ ಏರ್ ಇಂಡಿಯಾದ ಮಹಿಳಾ ಪೈಲಟ್‌ಗಳೇ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಧ್ರುವದ ಮೇಲಿಂದ ವಿಮಾನ ತಂದರು. ನಿನ್ನ ಹುಡುಗಿಯರಿಗೆ ಇದನ್ನು ಹೇಳು.

ಪರೀಕ್ಷೆ ಇದ್ದೇ ಇದೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಭಾರತದ ನಕ್ಷೆ ಬಿಡಿಸಿ ಸ್ಥಳ ಗುರುತಿಸಬೇಕು, ಅದನ್ನು ಅಭ್ಯಾಸ ಮಾಡಿಸು. ಆದರೆ ಪ್ಲಾಸ್ಟಿಕ್ ಅಚ್ಚಿನಲ್ಲಿ ಗೀಚಿ ಬಣ್ಣ ತುಂಬಿಸುವುದಕ್ಕೇ ವಾರವಿಡೀ ಕಳೆಯಬೇಡ.

ನನ್ನ ಹತ್ತಿರ ಸರ್ವೆ ಆಫ್ ಇಂಡಿಯಾದ ಹಳೆಯ ಟೋಪೋಶೀಟ್, ಅಂದರೆ ಹಳ್ಳ, ಗುಡ್ಡ, ದಾರಿಗಳನ್ನೆಲ್ಲ ತೋರಿಸುವ ವಿವರವಾದ ನಕ್ಷೆ, ಒಂದಿದೆ, ನಿಮ್ಮ ಕಡೆಯದೇ. ಎರಡು ಸೆಂಟಿಮೀಟರಿಗೆ ಒಂದು ಕಿಲೋಮೀಟರ್. ನೀರಿರುವ ಹಳ್ಳ ನೀಲಿ, ಒಣಗಿದ್ದು ಕಪ್ಪು. ನಿಮ್ಮ ಸೀಮೆಯ ಹಾಳೆಯಲ್ಲಿ ಕಪ್ಪೇ ಜಾಸ್ತಿ, ಯಾಕೆ ಅಂತ ಮಕ್ಕಳನ್ನೇ ಕೇಳು. ನಿನ್ನ ತಮ್ಮ ಭಾನುವಾರ ಬರುವಾಗ ಅವನ ಕೈಯಲ್ಲಿ ಕಳಿಸುತ್ತೇನೆ. ಮಡಿಕೆಗಳಲ್ಲಿ ಹರಿದಿದೆ, ಹಿಂದಿನಿಂದ ಬಟ್ಟೆ ಅಂಟಿಸಿಕೋ. ಲ್ಯಾಮಿನೇಷನ್ ಬೇಡ, ಮಕ್ಕಳು ಪೆನ್ಸಿಲ್‌ನಲ್ಲಿ ಗೀಚಲಿ.

ಇತಿ,
ನಿನ್ನ ದೊಡ್ಡಪ್ಪ