ಉತ್ತರದ ಪಕ್ಕ ಸಾಲನ್ನೂ ತೋರಿಸಿ

ಮಾನ್ಯ ಸಂಪಾದಕರೇ,

ನವೋದಯ ಪ್ರವೇಶ ಪರೀಕ್ಷೆಗೆ ಮಾದರಿ ಪ್ರಶ್ನೆಗಳನ್ನು ನೀವು ಹಾಕುತ್ತೀರಿ, ಒಳ್ಳೆಯದೇ. ಗಾಜನೂರಿನ ನವೋದಯ ಶಾಲೆಯಲ್ಲಿ ಸೀಟು ಸಿಗಲಿ ಅಂತ ನಮ್ಮ ಹೊಸನಗರದ ಕಡೆಯೂ ಎಷ್ಟೋ ಮನೆಗಳಲ್ಲಿ ಆಸೆ ಇದೆ. ಆದರೆ ಭಾಷೆಯ ಭಾಗಕ್ಕೆ ಕೊನೆಯಲ್ಲಿ ‘1-ಬಿ, 2-ಸಿ’ ಅಂತ ಹಾಕಿಬಿಟ್ಟರೆ ಸಾಲದು.

ನಾನು ಹೊಲಿಗೆ ಅಂಗಡಿ ಇಟ್ಟುಕೊಂಡವಳು. ಐದನೇ ಕ್ಲಾಸಿನ ಅಣ್ಣನ ಮಗ ಸಂಜೆ ಅಲ್ಲೇ ಕೂತು ಓದುತ್ತಾನೆ. ಮೊನ್ನೆ ಗೈಡಿನಲ್ಲಿ ಮಳೆಗಾಲದ ಗದ್ಯ ಬಂತು. ಕೆರೆ ತುಂಬುತ್ತದೆ, ಬಿತ್ತನೆ ಶುರುವಾಗುತ್ತದೆ, ರೈತನ ಮುಖ ಅರಳುತ್ತದೆ, ಹೀಗೆ. ‘ಜೋರು ಮಳೆ ಬಂದಾಗ ರೈತನಿಗೆ ಏನಾಗುತ್ತದೆ?’ ಅನ್ನುವುದು ಪ್ರಶ್ನೆ. ಇವನು ‘ಚಿಂತೆ’ಗೆ ಗುರುತು ಹಾಕಿದ. ಗೈಡಿನ ಪ್ರಕಾರ ‘ಸಂತೋಷ’. ಜಗಳಕ್ಕೇ ಬಂದ.

“ಅತ್ತೆ, ಮಳೆ ಬಿಡದಿದ್ರೆ ಅಡಿಕೆಗೆ ಕೊಳೆ ರೋಗ ಬರುತ್ತೆ. ಔಷಧಿ ಹೊಡೆಯೋಕೂ ಆಗಲ್ಲ. ಅಪ್ಪ ಸಂತೋಷದಲ್ಲಿ ಇರ್ತಾರಾ?”

ಏನು ಹೇಳುವುದು! ಕೊಳೆ ರೋಗದ ಬೋರ್ಡೋ ಔಷಧಿ ಹೊಡೆಯಲು ಮಳೆ ಬಿಡುವು ಕೊಡದೆ ಅಣ್ಣ ಜಗುಲಿಯಲ್ಲಿ ಕೂತು ಸಿಡಿಮಿಡಿ ಮಾಡುವುದನ್ನು ಅವನು ಕಂಡಿದ್ದಾನೆ. ಹುಡುಗನಿಗೆ ಓದಲು ಬರುವುದಿಲ್ಲ ಅನ್ನಲಾದೀತೇ?

ಗದ್ಯದ ಮೇಲೆ ಬೆರಳಿಟ್ಟು ಸಾಲು ಹುಡುಕಿಸಿದೆ. “ನಿನಗೆ ಗೊತ್ತಿರೋದು ಸುಳ್ಳಲ್ಲ. ಆದ್ರೆ ಇಲ್ಲಿ ಬರೆದವರು ಏನು ಹೇಳಿದ್ದಾರೋ ಅದನ್ನಷ್ಟೇ ಕೇಳಿದ್ದಾರೆ” ಅಂದೆ. ಅರ್ಥವಾಯಿತು. ಮುಖ ಮಾತ್ರ ಊದಿಸಿಕೊಂಡೇ ಇದ್ದ.

ಗದ್ಯ ಓದಬೇಡಿ, ಪ್ರಶ್ನೆಯಲ್ಲಿರುವ ಪದ ಗದ್ಯದಲ್ಲಿ ಎಲ್ಲಿದೆ ಹುಡುಕಿ, ಟೈಮ್ ಉಳಿಯುತ್ತದೆ ಅಂತ ಹೇಳಿಕೊಡುವ ಕೋಚಿಂಗಿನವರೂ ಇದ್ದಾರೆ. ಊರು, ವರ್ಷ ಕೇಳಿದರೆ ಇದು ನಡೆಯುತ್ತದೆ. ‘ಸೂಕ್ತ ಶೀರ್ಷಿಕೆ ಯಾವುದು’ ಅಂದರೆ ಯಾವ ಪದ ಹುಡುಕುವುದು? ಎರಡು ಗಂಟೆಗೆ ಒಟ್ಟು 80 ಪ್ರಶ್ನೆ. ಭಾಷೆಗೆ ನಾಲ್ಕು ಗದ್ಯ, 20 ಪ್ರಶ್ನೆ, 25 ಅಂಕ. ಅರ್ಧ ಗಂಟೆ ಇಟ್ಟುಕೊಂಡರೂ ಒಂದೊಂದು ಗದ್ಯಕ್ಕೆ ಏಳು ನಿಮಿಷಕ್ಕಿಂತ ಜಾಸ್ತಿಯೇ ಸಿಗುತ್ತದೆ. ನಿಧಾನಕ್ಕೆ ಎರಡು ಸಲ ಓದಬಹುದು, ಅಲ್ವಾ? ತಪ್ಪಿಗೆ ಅಂಕ ಕಳೆಯುವುದೂ ಇಲ್ಲ. ಮಕ್ಕಳನ್ನು ಸುಮ್ನೆ ಓಡಿಸುವುದು ಯಾಕೆ?

ಹಾಗಾಗಿ ಒಂದು ಕೋರಿಕೆ. ಪ್ರತಿ ಉತ್ತರದ ಪಕ್ಕ ಅದು ಗದ್ಯದ ಎಷ್ಟನೇ ಸಾಲಿನಲ್ಲಿದೆ ಅಂತ ಹಾಕಿ. ಉಳಿದ ಮೂರು ಆಯ್ಕೆಗಳು ಯಾಕೆ ಅಲ್ಲ ಅಂತ ಒಂದೊಂದು ಮಾತು ಬರೆಯಿರಿ. ಜಾಗ ಸಾಲದಿದ್ದರೆ ವಾರಕ್ಕೆ ಒಂದೇ ಗದ್ಯ ಸಾಕು. ಪದಬಂಧದ ಕೆಳಗೆ ಹಾಕಿದರೂ ಆದೀತು.

– ಒಬ್ಬ ಓದುಗಿ, ಹೊಸನಗರ ತಾಲ್ಲೂಕು