ಪೊರೆ ಶಸ್ತ್ರಚಿಕಿತ್ಸೆಗೆ ಸಾಲ ಬೇಡ

ಮಾನ್ಯರೇ,

ವಿಮೆಯಿಲ್ಲದ ಹಿರಿಯರಿಗೆ ಕಣ್ಣಿನ ಪೊರೆ ಬಂದರೆ ಸಾಲ ಮಾಡುವ ಮುನ್ನ ಜಿಲ್ಲಾಸ್ಪತ್ರೆಯ ನೇತ್ರ ವಿಭಾಗಕ್ಕೆ ಹೋಗಿ. ಬೆಂಗಳೂರಿನವರಿಗೆ ಮಿಂಟೊ ಆಸ್ಪತ್ರೆಯಿದೆ. ಅಂಧತ್ವ ನಿಯಂತ್ರಣ ಕಾರ್ಯಕ್ರಮದಡಿ ಕಣ್ಣೊಳಗೆ ಕೂರಿಸುವ ಮಸೂರ ಸಹಿತ ಶಸ್ತ್ರಚಿಕಿತ್ಸೆ ಉಚಿತ. ಆಧಾರ್, ಪಡಿತರ ಚೀಟಿಯ ಜೊತೆಗೆ ನುಂಗುತ್ತಿರುವ ಎಲ್ಲ ಮಾತ್ರೆಗಳನ್ನೂ ಒಯ್ಯಿರಿ. ಬಹಳ ಮಂದಿ ಇದನ್ನೇ ಮರೆಯುತ್ತಾರೆ. ಪ್ರಾಸ್ಟೇಟ್ ತೊಂದರೆಗೆ ಟ್ಯಾಮ್ಸುಲೋಸಿನ್ ನುಂಗುವವರ ಪಾಪೆ ಶಸ್ತ್ರಚಿಕಿತ್ಸೆಯ ನಡುವೆಯೇ ಕುಗ್ಗಬಹುದು. ವೈದ್ಯರಿಗೆ ಮೊದಲೇ ತಿಳಿದಿರಬೇಕು. ಸಕ್ಕರೆ ಹತೋಟಿ ತಪ್ಪಿದ್ದರೆ, ಕಣ್ಣೀರ ನಾಳದಲ್ಲಿ ಕೀವಿದ್ದರೆ ದಿನಾಂಕ ಮುಂದೂಡುತ್ತಾರೆ. ಅದು ಸತಾಯಿಸುವುದಲ್ಲ, ಸೋಂಕು ತಡೆಯುವ ಎಚ್ಚರಿಕೆ. ಪೊರೆ ಬಲಿಯಲೆಂದು ಕಾಯಬೇಡಿ. ಗಟ್ಟಿಯಾದಷ್ಟೂ ತೆಗೆಯುವುದು ಕಷ್ಟ. ಶಸ್ತ್ರಚಿಕಿತ್ಸೆಯ ನಂತರ ಹನಿ ಔಷಧಿಯನ್ನು ಸಾಮಾನ್ಯವಾಗಿ 4ರಿಂದ 6 ವಾರ ಕಣ್ಣಿಗೆ ಹಾಕಬೇಕು. ನೋವು, ಕೆಂಪು, ಮಸುಕು ಹೆಚ್ಚಿದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ಆರೋಗ್ಯ ಇಲಾಖೆಯು ತಪಾಸಣೆಯ ದಿನಗಳನ್ನು ಪ್ರತಿ ಪಂಚಾಯಿತಿಯ ಫಲಕದಲ್ಲೂ ಬರೆಸಲಿ.

– ನಿವೃತ್ತ ನೇತ್ರಾಧಿಕಾರಿ, ತುಮಕೂರು